ಹಕ್ಕಿ ಜ್ವರ: ಕಾಡುಹಕ್ಕಿಗಳಿಗೆ ತೊಂದರೆಯಾಗದಂತೆ ಕೋಳಿಗಳ ರಕ್ಷಣೆ
(ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳ ರೈತರಿಗೆ)

ಚಳಿಗಾಲದಲ್ಲಿ ನವಿಲುತೀರ್ಥ ಜಲಾಶಯದ ಹಿನ್ನೀರಿಗೂ ಮಲಪ್ರಭೆಯ ದಂಡೆಯ ಕೆರೆಗಳಿಗೂ ವಲಸೆ ಹಕ್ಕಿಗಳು ಬರುತ್ತವೆ. ಹಕ್ಕಿ ಜ್ವರದ ಸುದ್ದಿ ಕೇಳಿದೊಡನೆ ಪಟಾಕಿ ಸಿಡಿಸಿ ಅವನ್ನು ಓಡಿಸುವುದು, ಗೂಡಿರುವ ಮರ ಕಡಿಯುವುದು ಸಲ್ಲದು. ಬೆದರಿದ ಹಕ್ಕಿಗಳು ಚದುರಿ ಬೇರೆ ಕೆರೆಗೆ ಹೋಗುತ್ತವೆ. ಸೋಂಕಿದ್ದರೆ ಅದೂ ಅವುಗಳೊಡನೆ ಹೋಗುತ್ತದೆ. ಕಾಡುಹಕ್ಕಿಗಳನ್ನು ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ವಯ ಅಪರಾಧವೂ ಹೌದು. ಈ ರೋಗಕ್ಕೆ ಅವೂ ಬಲಿಯಾಗುತ್ತವೆ: 2020–21ರ ಚಳಿಗಾಲದಲ್ಲಿ ಹಿಮಾಚಲ ಪ್ರದೇಶದ ಪೋಂಗ್ ಜಲಾಶಯದಲ್ಲಿ ಸಾವಿರಾರು ಹಕ್ಕಿಗಳು ಸತ್ತವು. ಅವುಗಳಲ್ಲಿ ಹೆಚ್ಚಿನವು ಪಟ್ಟೆತಲೆ ಹೆಬ್ಬಾತುಗಳು.

ನಮ್ಮ ರಾಜ್ಯದಲ್ಲಿ 2012ರಲ್ಲಿ ಹೆಸರಘಟ್ಟ, 2020ರಲ್ಲಿ ಮೈಸೂರು ಮತ್ತು ಹರಿಹರ ತಾಲ್ಲೂಕು, 2025ರಲ್ಲಿ ಚಿಕ್ಕಬಳ್ಳಾಪುರ ಹಾಗೂ ಸಂಡೂರು ತಾಲ್ಲೂಕುಗಳಲ್ಲಿ ರೋಗ ದೃಢಪಟ್ಟಿತ್ತು.

ಕಾಡುಹಕ್ಕಿಯ ಹಿಕ್ಕೆ ಬಿದ್ದ ಕೆರೆಯ ನೀರಿನಿಂದ ಸೋಂಕು ಹಿತ್ತಲ ಕೋಳಿಗೆ ತಗುಲಬಹುದು. ಅಲ್ಲಿಂದ ಮುಂದೆ ಅದನ್ನು ಊರೂರಿಗೆ ಒಯ್ಯುವುದು ಬಹುಪಾಲು ಮನುಷ್ಯರೇ: ಸಂತೆಯಿಂದ ತಂದ ಕೋಳಿ, ತೊಳೆಯದ ಮೊಟ್ಟೆ ಟ್ರೇ, ಕೋಳಿ ವಾಹನದ ಗಾಲಿ, ಕೆಸರು ಮೆತ್ತಿದ ಚಪ್ಪಲಿ. ಆದ್ದರಿಂದ ತಡೆ ಇರಬೇಕಾದುದು ಕೆರೆಯ ಬಳಿಯಲ್ಲಲ್ಲ, ನಿಮ್ಮ ಶೆಡ್ಡಿನ ಬಾಗಿಲಲ್ಲಿ. ಚಳಿಗಾಲದಲ್ಲಿ ಜವಾರಿ ಕೋಳಿ, ಬಾತುಗಳನ್ನು ಕೆರೆಗೆ ಬಿಡಬೇಡಿ. ಕೊಳವೆಬಾವಿಯ ನೀರನ್ನೇ ಕುಡಿಸಿ. ಶೆಡ್ಡಿಗೆ ಗುಬ್ಬಿಯೂ ನುಸುಳದಂತೆ ಸಣ್ಣ ಕಣ್ಣಿನ ಬಲೆ ಕಟ್ಟಿ. ಚೆಲ್ಲಿದ ಕಾಳನ್ನು ಆಗಲೇ ಗುಡಿಸಿ, ಏಕೆಂದರೆ ಕಾಗೆಯನ್ನು ಕರೆಯುವುದು ಅದೇ. ಶೆಡ್ಡಿನೊಳಕ್ಕೆ ಪ್ರತ್ಯೇಕ ಚಪ್ಪಲಿ ಇಡಿ. ಸಂತೆಯಿಂದ ತಂದ ಕೋಳಿಯನ್ನು ಎರಡು ವಾರ ಬೇರೆಯಾಗಿ ಕಟ್ಟಿ. ಇವುಗಳಲ್ಲಿ ಬಲೆಯೊಂದಕ್ಕೇ ತುಸು ಹಣ ಬೇಕು, ಉಳಿದುದಕ್ಕೆ ಶಿಸ್ತು ಸಾಕು.

ಕೋಳಿಗಳು ಹಠಾತ್ತನೆ ಗುಂಪಾಗಿ ಸಾಯುವುದು, ಜುಟ್ಟು ಊದಿ ನೀಲಿಗಟ್ಟುವುದು, ಮೊಟ್ಟೆ ಇಳುವರಿ ಒಮ್ಮೆಲೇ ಕುಸಿಯುವುದು ಅಪಾಯದ ಲಕ್ಷಣಗಳು. ಕೊಕ್ಕರೆ ರೋಗದಲ್ಲೂ ಹೀಗೆಯೇ ಆಗಬಹುದು. ಕಣ್ಣಂದಾಜಿನಿಂದ ನಿರ್ಧರಿಸದೆ ಪಶುವೈದ್ಯರಿಗೆ ತಿಳಿಸಿ ಅಥವಾ 1962ಕ್ಕೆ ಕರೆ ಮಾಡಿ. ರೋಗವನ್ನು ಅಂತಿಮವಾಗಿ ದೃಢಪಡಿಸುವುದು ಭೋಪಾಲದ ರಾಷ್ಟ್ರೀಯ ಪ್ರಯೋಗಾಲಯ. ದೃಢಪಟ್ಟರೆ ಒಂದು ಕಿಲೋಮೀಟರ್ ಸುತ್ತಳತೆಯ ಸಾಕುಕೋಳಿಗಳನ್ನು ಇಲಾಖೆಯೇ ಕೊಂದು ಹೂಳುತ್ತದೆ. ಹಾಗೆ ಕೊಂದ ಕೋಳಿಗಳಿಗೆ ಪರಿಹಾರವಿದೆ. ಆದುದರಿಂದ ಸತ್ತವನ್ನು ಮುಚ್ಚಿಡುವುದು, ಉಳಿದವನ್ನು ಅವಸರದಲ್ಲಿ ಮಾರುವುದು ನಿಮಗೂ ನಷ್ಟ, ನೆರೆಯವರಿಗೂ ನಷ್ಟ.

ಚೆನ್ನಾಗಿ ಬೇಯಿಸಿದ ಕೋಳಿಮಾಂಸ, ಮೊಟ್ಟೆಗಳಿಂದ ಭಯವಿಲ್ಲ. 70 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ವೈರಾಣು ನಾಶವಾಗುತ್ತದೆ. ಆದರೆ ಹೊಲದಲ್ಲಾಗಲಿ ಕೆರೆದಂಡೆಯಲ್ಲಾಗಲಿ ನವಿಲು, ಕೊಕ್ಕರೆ ಅಥವಾ ಕಾಗೆ ಸತ್ತು ಬಿದ್ದಿದ್ದರೆ ಬರಿಗೈಯಿಂದ ಮುಟ್ಟಬೇಡಿ, ನಾಯಿಗೆ ಸಿಗಗೊಡಬೇಡಿ. ಅರಣ್ಯ ಇಲಾಖೆಗೂ ಪಶು ಆಸ್ಪತ್ರೆಗೂ ಅಂದೇ ತಿಳಿಸಿ.