ನಮ್ಮ ಸೀಮೆಯ ಕೂಟ, ಕಬ್ಬನ್ ಸಾಹೇಬನ ಬಂಗಲೆ

ನಮ್ಮೂರು ಕೆರೆಬಿಳಚಿ. ತಾಲ್ಲೂಕು ಚನ್ನಗಿರಿ, ಜಿಲ್ಲೆ ಮೊದಲು ಶಿವಮೊಗ್ಗ, 1997ರ ಆಗಸ್ಟ್ 15ರಿಂದ ದಾವಣಗೆರೆ. ಸರ್ಕಾರಿ ಲೆಕ್ಕ ಇಷ್ಟು ಸಾಕು.

ಊರಿನ ಹೆಸರಲ್ಲಿರುವ ಕೆರೆ ಎಂದರೆ ಸೂಳೆಕೆರೆ. ಕಾಗದಪತ್ರದಲ್ಲಿ ಶಾಂತಿಸಾಗರ ಎಂದು ಬರೆದರೂ ಬಸ್ಸಿನಲ್ಲಿ ಯಾರೂ ಹಾಗೆಂದು ಟಿಕೆಟ್ ಕೇಳುವುದಿಲ್ಲ. ಎರಡು ಗುಡ್ಡಗಳ ನಡುವೆ ಹರಿದ್ರಾವತಿಗೆ ಅಡ್ಡಲಾಗಿ ಏರಿ, ಅದಕ್ಕೆ ಸಿದ್ಧನ ತೂಬು, ಬಸವನ ತೂಬು. ಕಟ್ಟಿಸಿದವಳು ಶಾಂತವ್ವ ಎಂಬುದು ಐತಿಹ್ಯ. ಜಾಗ ಬಿಟ್ಟುಕೊಟ್ಟ ಸೂಳೆಯರು ದುಡ್ಡು ಕೇಳಲಿಲ್ಲವಂತೆ, ಕೆರೆಗೆ ತಮ್ಮ ಹೆಸರಿಡಿ ಎಂದರಂತೆ. ಇಟ್ಟ ಹೆಸರು ಇನ್ನೂ ಅಳಿಸಿಲ್ಲ.

ನನಗೆ ಕಾಡುವುದು ಹೆಸರೇ ಉಳಿಯದ ಇನ್ನೊಂದು ಲೆಕ್ಕ. 1830ರಲ್ಲಿ ಮೈಸೂರು ಸಂಸ್ಥಾನದ ನಗರ ಸೀಮೆಯ ರೈತರು ಕೂಟ ಕಟ್ಟಿದರು. ಇಂತಿಷ್ಟು ಕಂದಾಯ ತಂದೊಪ್ಪಿಸುತ್ತೇನೆಂದು ಅಮಲ್ದಾರರು ಬರೆದುಕೊಡುತ್ತಿದ್ದ ಶರತ್ತಿನ ಪದ್ಧತಿ ಅವರ ಸೊಂಟ ಮುರಿದಿತ್ತು. ಬೂದಿ ಬಸವಪ್ಪ ಎಂಬುವನು ತಾನೇ ನಗರದ ದೊರೆಯೆಂದು ಎದ್ದ. ತರೀಕೆರೆಯ ಪಾಳೆಯಗಾರರೂ ಕೂಡಿಕೊಂಡರು. ಪಕ್ಕದ ಹೊನ್ನಾಳಿಯಲ್ಲಿ ನೆತ್ತರು ಹರಿಯಿತು. ಬ್ರಿಟಿಷರ ಕಡತದಲ್ಲಿ ಇದು ದಂಗೆ. ನಾನು ಕೂಟವೆಂದೇ ಬರೆಯುತ್ತೇನೆ, ರೈತರು ಇಟ್ಟುಕೊಂಡ ಮಾತು ಅದು.

ಇದೇ ನೆಪದಲ್ಲಿ 1831ರಲ್ಲಿ ಮೈಸೂರಿನ ದೊರೆ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಬ್ರಿಟಿಷರಿಗೆ ಹೋಯಿತು. ಕೂಟದ ಕಾರಣ ಹುಡುಕಲು ಬ್ರಿಟಿಷರು ನೇಮಿಸಿದ ನಾಲ್ವರ ಸಮಿತಿಯಲ್ಲಿ ಮಾರ್ಕ್ ಕಬ್ಬನ್ ಒಬ್ಬ. ಅವರ ವರದಿ 1833ರಲ್ಲಿ ಬಂತು. ಮರುವರ್ಷ ಗವರ್ನರ್ ಜನರಲ್ ಬೆಂಟಿಂಕನೇ ಅವಸರಪಟ್ಟೆವೇನೋ ಎಂದು ಪೇಚಾಡಿಕೊಂಡ. ಆದರೆ ಕೈತಪ್ಪಿದ ರಾಜ್ಯ ಒಡೆಯರಿಗೆ ಮರಳಲು 1881 ಆಗಬೇಕಾಯಿತು. 1834ರಲ್ಲಿ ಕಬ್ಬನ್ನೇ ಕಮಿಷನರ್ ಆದ, 27 ವರ್ಷ ಆಳಿದ.

ಅವನು ಬೆಂಗಳೂರಿನ ಎತ್ತರದ ದಿಣ್ಣೆಯ ಮೇಲೆ, 1840ರ ಆಚೀಚೆ, ಕಟ್ಟಿಸಿದ ಬಂಗಲೆಯೇ ಇಂದಿನ ರಾಜಭವನ. ಊರಿಗೆ ಮರಳುವ ದಾರಿಯಲ್ಲಿ 1861ರಲ್ಲಿ ಸೂಯೆಜ್‌ನಲ್ಲಿ ಕಬ್ಬನ್ ತೀರಿಕೊಂಡ. ಮರುವರ್ಷ ಮುಂದಿನ ಕಮಿಷನರ್ ಬೌರಿಂಗ್ ಬಂಗಲೆಯನ್ನು ಸರ್ಕಾರಕ್ಕೆ ಕೊಂಡ. ಒಬ್ಬನ ಸ್ವಂತ ಮನೆ ಹೀಗೆ ಕಮಿಷನರರ ಮನೆಯಾಯಿತು. ಒಡೆಯರಿಗೆ ರಾಜ್ಯ ಮರಳಿದ ಮೇಲೆ ಬ್ರಿಟಿಷರ ರೆಸಿಡೆಂಟ್ ಅಲ್ಲಿ ಕುಳಿತು ದೊರೆಯ ಮೇಲೆ ಕಣ್ಣಿಟ್ಟ. ಸ್ವಾತಂತ್ರ್ಯ ಬಂದ ಮೇಲೆ ಅದು ರಾಜಭವನವಾಯಿತು. ಮಂತ್ರಿಮಂಡಲ ಏಳುವುದು ಬೀಳುವುದು ಅಲ್ಲಿಗೆ ಹೋಗುವ ಪತ್ರಗಳಿಂದ.

ಅದರ ಕಥೆ ಹೇಳುವವರು ಕಬ್ಬನ್ನಿಂದ ಶುರುಮಾಡುತ್ತಾರೆ. ಕಬ್ಬನ್ನನ್ನು ಕರೆತಂದ ರೈತರ ಮಾತೇ ಇಲ್ಲ.

1996ರ ಮೇ ಕೊನೆಯಲ್ಲಿ ದೇವೇಗೌಡರು ಪ್ರಧಾನಿಯಾಗಲು ದೆಹಲಿಗೆ ಹೋದಾಗ, ಮುಖ್ಯಮಂತ್ರಿಯಾಗಿ ರಾಜಭವನದ ಗೇಟು ದಾಟಿದವರು ನಮ್ಮ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು. 1967ರಲ್ಲಿ ಲೋಕಸಭೆಯಲ್ಲಿ ಎದ್ದು ನಿಂತು ಕನ್ನಡದಲ್ಲೇ ಮಾತಾಡಿದವರು ಅವರೇ.