ರಾಣಿಯ ಕಂಕುಳಿನ ಕುರು

ಬೆಂಗಳೂರಿನ ಕಬ್ಬನ್ ಪಾರ್ಕಿನ ಅಂಚಿನಲ್ಲಿ ವಿಕ್ಟೋರಿಯಾ ರಾಣಿಯ ಅಮೃತಶಿಲೆಯ ವಿಗ್ರಹವೊಂದಿದೆ. 1906ರಲ್ಲಿ ಅನಾವರಣಗೊಂಡದ್ದು. ಅದರ ಮುಂದೆ ಹಾದುಹೋಗುವವರಿಗೆ, ಈ ಗಂಭೀರ ಮೂರ್ತಿಯೂ ಒಮ್ಮೆ ಕಂಕುಳಿನಲ್ಲಿ ಕುರುವೆದ್ದು ನರಳಿತ್ತು ಎಂಬ ಯೋಚನೆ ಬರುವುದು ಕಷ್ಟ. ಆದರೆ ಅದು ನಡೆದ ಸಂಗತಿ. ಅಷ್ಟೇ ಅಲ್ಲ, ಆ ಕುರುವಿನ ಕಥೆಯಲ್ಲಿ ಶಸ್ತ್ರವೈದ್ಯದ ಇತಿಹಾಸದ ಒಂದು ದೊಡ್ಡ ಅಧ್ಯಾಯವೇ ಅಡಗಿದೆ.

ಕಂಕುಳಿನ ಕುರುವಿನ ಪೀಡೆಯನ್ನು ಅನುಭವಿಸಿದವರೇ ಬಲ್ಲರು. ತೋಳನ್ನು ಇಳಿಬಿಟ್ಟರೆ ಒತ್ತುತ್ತದೆ, ಎತ್ತಿದರೆ ಸೆಳೆಯುತ್ತದೆ. ಮಲಗಿದರೆ ಯಾವ ಮಗ್ಗುಲೂ ಹಿತವಲ್ಲ. ನಮ್ಮ ಮನೆಗಳಲ್ಲಿ ಇದಕ್ಕೆ ಸುಟ್ಟ ಈರುಳ್ಳಿಯೋ ಅಗಸೆಬೀಜದ ಬಿಸಿ ಪಟ್ಟೋ ಕಟ್ಟಿ, ‘ಹಣ್ಣಾಗಲಿ, ತಾನೇ ಒಡೆಯುತ್ತದೆ’ ಎಂದು ಕಾಯುವುದು ವಾಡಿಕೆ. 1871ರ ಆಗಸ್ಟಿನಲ್ಲಿ ಸ್ಕಾಟ್ಲೆಂಡಿನ ಬಾಲ್ಮೋರಲ್ ಅರಮನೆಗೆ ಬಂದ ರಾಣಿಗೆ ಮೊದಲು ಗಂಟಲು ಬೇನೆ, ಆಮೇಲೆ ತೋಳಿನ ಬುಡದಲ್ಲಿ ಬಾವು. ಆಗ ಆಕೆಗೆ 52 ವರ್ಷ. ಪತಿ ಆಲ್ಬರ್ಟ್ 1861ರಲ್ಲಿ ತೀರಿಕೊಂಡ ಮೇಲೆ ಆಕೆ ಜನರ ಕಣ್ಣಿಗೆ ಬೀಳುವುದೇ ಅಪರೂಪವಾಗಿತ್ತು. ಪಾರ್ಲಿಮೆಂಟಿನ ಅಧಿವೇಶನ ಮುಗಿಯುವವರೆಗೆ ನಿಲ್ಲಬೇಕೆಂದು ಪ್ರಧಾನಿ ಗ್ಲಾಡ್‌ಸ್ಟನ್ ಬೇಡಿದರೂ ನಿಲ್ಲದೆ ಹೊರಟುಬಂದಿದ್ದಳು. ಹಾಗಾಗಿ, ಕಾಯಿಲೆ ಎಂಬುದು ಬರಿಯ ನೆಪ ಎಂದು ಆಡಿಕೊಂಡವರು ಹಲವರು. ಬಾವು ಮಾತ್ರ ಯಾರ ಮಾತಿಗೂ ಕಾಯದೆ ಬೆಳೆಯಿತು. ಅದರ ಅಗಲ ಆರು ಅಂಗುಲಕ್ಕೆ ಬಂತು.

ಆಗ ಎಡಿನ್‌ಬರೋ ನಗರದಿಂದ ಜೋಸೆಫ್ ಲಿಸ್ಟರನನ್ನು ಕರೆಸಿದರು.

ಲಿಸ್ಟರ್ ಯಾರು ಎಂಬುದನ್ನು ಸ್ವಲ್ಪ ಹೇಳಬೇಕು. ಆ ಕಾಲದ ಆಸ್ಪತ್ರೆಗಳಲ್ಲಿ ಕತ್ತಿಗಿಂತ ಕತ್ತಿಯ ಗಾಯ ಕೊಳೆಯುವುದರಿಂದಲೇ ಹೆಚ್ಚು ಜನ ಸಾಯುತ್ತಿದ್ದರು. ಕೆಟ್ಟ ಗಾಳಿಯೇ ಇದಕ್ಕೆ ಕಾರಣವೆಂದು ಬಹುಮಂದಿಯ ನಂಬಿಕೆ. ಕೊಳೆಯುವಿಕೆಗೆ ಸೂಕ್ಷ್ಮಜೀವಿಗಳೇ ಕಾರಣವೆಂದು ಪಾಶ್ಚರ್ ತೋರಿಸಿದ್ದನ್ನು ಓದಿದ ಲಿಸ್ಟರ್, ಹಾಗಾದರೆ ಗಾಯದೊಳಗಿನ ಜೀವಿಗಳನ್ನು ಕೊಲ್ಲುವ ವಸ್ತುವೊಂದು ಬೇಕು ಎಂದು ಹುಡುಕಿದ. ಕಾರ್ಲೈಲ್ ಊರಿನಲ್ಲಿ ಚರಂಡಿಯ ದುರ್ನಾತ ಕಳೆಯಲು ಕಲ್ಲಿದ್ದಲ ಡಾಂಬರಿನಿಂದ ತೆಗೆದ ಕಾರ್ಬಾಲಿಕ್ ಆಮ್ಲವನ್ನು ಸುರಿಯುತ್ತಿದ್ದರು. ಅದನ್ನೇ ಆತ ಆರಿಸಿಕೊಂಡ. 1865ರ ಆಗಸ್ಟಿನಲ್ಲಿ ಗ್ಲಾಸ್ಗೋ ಆಸ್ಪತ್ರೆಗೆ, ಗಾಡಿಯ ಚಕ್ರ ಹಾದು ಕಾಲೆಲುಬು ಮುರಿದು ಹೊರಬಂದಿದ್ದ 11 ವರ್ಷದ ಹುಡುಗನೊಬ್ಬ ಬಂದ. ಅಂಥ ಕಾಲನ್ನು ಕಡಿಯುವುದೇ ಆಗಿನ ಕ್ರಮ. ಲಿಸ್ಟರ್ ಕಡಿಯಲಿಲ್ಲ, ಗಾಯಕ್ಕೆ ಕಾರ್ಬಾಲಿಕ್ ಪಟ್ಟಿ ಕಟ್ಟಿದ. ಹುಡುಗ ಎರಡು ಕಾಲಿನಲ್ಲಿ ನಡೆದು ಮನೆಗೆ ಹೋದ. ಕೈಕಾಲು ಕಡಿದ ರೋಗಿಗಳ ಲೆಕ್ಕವನ್ನು ಲಿಸ್ಟರ್ 1870ರಲ್ಲಿ ಪ್ರಕಟಿಸಿದ: ಈ ಪದ್ಧತಿಗೆ ಮೊದಲು 35 ಜನರಲ್ಲಿ 16 ಸಾವು, ಪದ್ಧತಿ ಬಂದ ಮೇಲೆ 40 ಜನರಲ್ಲಿ 6.

ಬಾಲ್ಮೋರಲ್ಲಿಗೆ ಬರೋಣ. ಸೆಪ್ಟೆಂಬರ್ 4ನೆಯ ತಾರೀಖು ಕುರು ಕೊಯ್ಯುವುದೆಂದು ನಿಶ್ಚಯವಾಯಿತು. ತನಗೆ ನೋವು ತಡೆಯುವ ಶಕ್ತಿ ಕಡಮೆ ಎಂದು ರಾಣಿಯೇ ದಿನಚರಿಯಲ್ಲಿ ಒಪ್ಪಿಕೊಂಡಿದ್ದಾಳೆ. ದೇಹ ಬಹಳ ನಿತ್ರಾಣವಾಗಿದ್ದುದರಿಂದ ಕ್ಲೋರೋಫಾರಂ ಹೆಚ್ಚು ಕೊಡುವಂತಿರಲಿಲ್ಲ. ಆ ಜಾಗವನ್ನು ಮರಗಟ್ಟಿಸಿ ಎಂದು ಆಕೆಯೇ ಬೇಡಿಕೊಂಡಳು. ಈಥರಿನ ತುಂತುರು ಹಾರಿಸಿ ಚರ್ಮವನ್ನು ತಣ್ಣಗೆ ಜಡವಾಗಿಸುವ ರಿಚರ್ಡ್‌ಸನ್ನನ ಸಲಕರಣೆ ಆಗಲೇ ಬಳಕೆಯಲ್ಲಿತ್ತು. ರಾಜವೈದ್ಯ ಸರ್ ವಿಲಿಯಂ ಜೆನ್ನರ್ ನಾಲ್ಕಾರು ಉಸಿರು ಕ್ಲೋರೋಫಾರಂ ಕೊಟ್ಟ, ಡಾಕ್ಟರ್ ಮಾರ್ಷಲ್ ತೋಳು ಹಿಡಿದ, ಲಿಸ್ಟರ್ ಕೊಯ್ದ. ಕೊನೆಯ ತುದಿಯಲ್ಲಿ ಬಿಟ್ಟರೆ ಹೆಚ್ಚು ನೋವು ಗೊತ್ತಾಗಲಿಲ್ಲವಂತೆ.

ಕತ್ತಿಗಿಂತ ಔಷಧವೇ ರಾಣಿಗೆ ಹೆಚ್ಚು ಉರಿ ಕೊಟ್ಟಿತು. ಗಾಳಿಯಲ್ಲಿ ತೇಲುವ ಕ್ರಿಮಿಗಳೂ ಸಾಯಲಿ ಎಂದು ಕಾರ್ಬಾಲಿಕ್ ದ್ರವವನ್ನು ಮಂಜಿನಂತೆ ಸಿಂಪಡಿಸುವ ಯಂತ್ರವನ್ನು ಲಿಸ್ಟರ್ ಅದೇ ವರ್ಷ ಹೊರತಂದಿದ್ದ. ಅದರ ತಿದಿ ಒತ್ತುವ ಕೆಲಸ ಜೆನ್ನರನ ಪಾಲಿಗೆ ಬಂತು. ಮಂಜು ರಾಣಿಯ ಮುಖಕ್ಕೇ ಹೊಡೆಯಿತು. ಆಕೆ ಸಿಡುಕಿದಾಗ ಜೆನ್ನರ್, ತಾನು ತಿದಿ ಒತ್ತುವ ಆಳು ಮಾತ್ರ ಎಂದು ನುಣುಚಿಕೊಂಡನೆಂದು ಹೇಳುತ್ತಾರೆ.

ಮಾರನೆಯ ದಿನ ಇನ್ನೊಂದು ತೊಡಕು. ಕೀವು ಹರಿದು ಬರಲೆಂದು ಗಾಯದಲ್ಲಿ ಇಟ್ಟಿದ್ದ ಬಟ್ಟೆಯ ಎಳೆ ಕೆಲಸ ಮಾಡಲಿಲ್ಲ. ಕೀವು ಒಳಗೇ ನಿಂತಿತು. ಹಳ್ಳಿಗಾಡಿನ ಅರಮನೆಯಲ್ಲಿ ಆಸ್ಪತ್ರೆಯ ಸಾಮಗ್ರಿ ಎಲ್ಲಿ? ಲಿಸ್ಟರ್ ಆ ಈಥರ್ ಸಲಕರಣೆಯ ರಬ್ಬರು ಕೊಳವೆಯಿಂದಲೇ ಒಂದು ತುಂಡು ಕತ್ತರಿಸಿ, ಪಕ್ಕಗಳಲ್ಲಿ ತೂತು ಮಾಡಿ, ತುದಿಗೆ ರೇಷ್ಮೆ ದಾರ ಕಟ್ಟಿ, ರಾತ್ರಿಯೆಲ್ಲ ಕಾರ್ಬಾಲಿಕ್ಕಿನಲ್ಲಿ ನೆನೆಹಾಕಿದ. ಬೆಳಗ್ಗೆ ಅದನ್ನು ಗಾಯದೊಳಕ್ಕೆ ಇಳಿಸಿದ. ಮುಂದಿನ ದಿನ ಕಟ್ಟು ಬಿಚ್ಚಿದಾಗ ಕೀವಿನ ಬದಲು ತಿಳಿನೀರಿನ ಹನಿ ಕಂಡಿತು. ರಬ್ಬರು ನಳಿಗೆ ಲಿಸ್ಟರನ ಸ್ವಂತ ಕಲ್ಪನೆಯಲ್ಲ. ಪ್ಯಾರಿಸಿನ ಶಾಸೆಂಞಾಕ್ ಅದನ್ನು ಮೊದಲೇ ಬಳಸಿದ್ದ. ಆದರೂ ಆ ಒಂದು ರಾತ್ರಿಯ ಕೈಚಳಕ ಮೆಚ್ಚತಕ್ಕದ್ದು. ರಾಣಿಗೆ ಕತ್ತಿ ಹಾಕಿದವನು ಜಗತ್ತಿನಲ್ಲಿ ತಾನೊಬ್ಬನೇ ಎಂದು ಲಿಸ್ಟರ್ ಮುಂದೆ ವಿದ್ಯಾರ್ಥಿಗಳೊಡನೆ ನಗುತ್ತಿದ್ದನಂತೆ.

ಗಾಯ ಮಾಯಿತು, ರಾಣಿ ಮಾತ್ರ ಕೂಡಲೇ ಚೇತರಿಸಿಕೊಳ್ಳಲಿಲ್ಲ. ಕುರುವಿನ ಬೆನ್ನಿಗೇ ಕೀಲುನೋವು ಹಿಡಿಯಿತು. ಲೇಖನಿ ಹಿಡಿಯಲಾರದೆ ದಿನಚರಿಯನ್ನು ಮಗಳು ಬಿಯಾಟ್ರಿಸಳಿಂದ ಬರೆಸಬೇಕಾಯಿತು. ಕುರು ಒಡೆದ ಮರುದಿನವೇ ಎದ್ದು ಓಡಾಡಬೇಕೆಂದು ರೋಗಿಯನ್ನು ಅವಸರಪಡಿಸುವ ಮನೆಯವರು ಇದನ್ನು ಗಮನಿಸಬಹುದು.

ಈಗ ಔಷಧದ ಉಪದ್ರವದ ಮಾತು. ಇದು ಲಿಸ್ಟರನಿಗೆ ತಿಳಿಯದೆ ಇರಲಿಲ್ಲ. ಬೆರಕೆಯಿಲ್ಲದ ಕಾರ್ಬಾಲಿಕ್ ಚರ್ಮವನ್ನು ಸುಡುತ್ತಿತ್ತು. ಎಣ್ಣೆಯಲ್ಲೋ ನೀರಿನಲ್ಲೋ ಬೆರಸಿ ಸೌಮ್ಯ ಮಾಡಿದ. ಇನ್ನೂ ವಿಚಿತ್ರವಾದದ್ದು, ಕ್ರಿಮಿಗಳೇ ಇಲ್ಲದ ಗಾಯದಲ್ಲಿಯೂ ಆಮ್ಲದ ಕೆರಳಿಕೆಯಿಂದಲೇ ಕೀವು ಹುಟ್ಟುತ್ತದೆಂದು ಆತ ಕಂಡುಕೊಂಡ. ಕೀವನ್ನು ತಡೆಯಲು ತಂದ ಮದ್ದೇ ಕೀವು ತರುವುದೆಂದರೆ! ಅದಕ್ಕಾಗಿ ಗಾಯಕ್ಕೂ ಔಷಧದ ಬಟ್ಟೆಗೂ ನಡುವೆ ಎಣ್ಣೆ ಸವರಿದ ರೇಷ್ಮೆಯ ಪದರ ಹಾಸಿದ. ಬೇರೆಡೆ ಎಲ್ಲರೂ ಅಷ್ಟು ಜಾಗರೂಕರಾಗಿರಲಿಲ್ಲ. ಮೈಗೆ ಹೆಚ್ಚು ಹೀರಿದಾಗ ಮೂತ್ರ ಹಸಿರುಗಪ್ಪಾಗುತ್ತಿತ್ತು. ವಾಂತಿ, ನಿತ್ರಾಣ, ಕೆಲವು ಸಲ ಸಾವು, ಅದರಲ್ಲೂ ಎಳೆಯ ಮಕ್ಕಳಲ್ಲಿ. ಶಸ್ತ್ರವೈದ್ಯರ ಕೈಗಳು ಬಿಳಿಚಿ, ಬಿರಿದು, ಮರಗಟ್ಟಿದವು. ತುಂತುರಿನಿಂದ ಎಲ್ಲರಿಗೂ ಕೆಮ್ಮು. ಆದರೂ ಸುಮಾರು 16 ವರ್ಷ ಈ ಯಂತ್ರ ನಡೆಯಿತು. ಗಾಳಿಯ ಕ್ರಿಮಿಗಳಿಗಿಂತ ಕೈ, ಸಲಕರಣೆ, ಬಟ್ಟೆಗಳ ಕ್ರಿಮಿಗಳೇ ಅಪಾಯಕರ ಎಂದು ಗೊತ್ತಾದ ಮೇಲೆ ಲಿಸ್ಟರ್ ಅದನ್ನು ಕೈಬಿಟ್ಟ. 1890ರಲ್ಲಿ ಬರ್ಲಿನ್ನಿನ ವೈದ್ಯ ಸಮ್ಮೇಳನದಲ್ಲಿ, ಅದನ್ನು ಎಂದಾದರೂ ಶಿಫಾರಸು ಮಾಡಿದ್ದಕ್ಕೆ ನಾಚಿಕೆಯಾಗುತ್ತಿದೆ ಎಂದು ತುಂಬಿದ ಸಭೆಯಲ್ಲಿ ಹೇಳಿದ. ಕೀರ್ತಿಯ ಶಿಖರದಲ್ಲಿದ್ದವನ ಈ ಮಾತು, ನನಗೆ ಆತನ ಶೋಧಕ್ಕಿಂತ ಕಡಮೆಯದಾಗಿ ಕಾಣುವುದಿಲ್ಲ.

ಕಾರ್ಬಾಲಿಕ್ಕಿನ ಜಾಗಕ್ಕೆ ಅನೇಕ ಕಡೆ ರಸಕರ್ಪೂರದ ಜಾತಿಯ ಪಾದರಸದ ಲವಣ ಬಂತು. ಅದೂ ಕೈ ತಿನ್ನುವಂಥದೇ. ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಕೆರೊಲಿನ್ ಹ್ಯಾಂಪ್ಟನ್ ಎಂಬ ದಾದಿಯ ಕೈಗಳಿಗೆ ಈ ದ್ರಾವಣದಿಂದ ಹುಣ್ಣಾಯಿತು. ಶಸ್ತ್ರವೈದ್ಯ ಹಾಲ್‌ಸ್ಟೆಡ್ ಗುಡ್‌ಇಯರ್ ರಬ್ಬರು ಕಂಪನಿಗೆ ಹೇಳಿ ತೆಳು ಕೈಗವಸು ಮಾಡಿಸಿಕೊಟ್ಟ. ಇದು 1889–90ರ ಚಳಿಗಾಲದ ಮಾತು; 1890ರಲ್ಲಿ ಅವರಿಬ್ಬರಿಗೂ ಮದುವೆಯಾಯಿತು. ದಾದಿಯ ಕೈ ಕಾಯಲು ಬಂದ ಕೈಗವಸು ರೋಗಿಯನ್ನೇ ಸೋಂಕಿನಿಂದ ಕಾಯುತ್ತದೆಂಬುದು ವೈದ್ಯರಿಗೆ ಹೊಳೆಯಲು ಮತ್ತೆ ಕೆಲವು ವರ್ಷ ಹಿಡಿಯಿತು.

ಇಂದು ಕಾರ್ಬಾಲಿಕ್ಕಿನ ಮಂಜಿಲ್ಲ, ಪ್ರತಿಜೈವಿಕ ಮಾತ್ರೆಗಳಿವೆ. ಆದರೂ ಬಲಿತ ಕುರುವಿಗೆ ಮುಖ್ಯ ಚಿಕಿತ್ಸೆ, ಲಿಸ್ಟರ್ ಮಾಡಿದಂತೆ, ಕೊಯ್ದು ಕೀವು ಹೊರಹರಿಸುವುದೇ. ಕೀವು ತುಂಬಿದ ಗೂಡಿನೊಳಕ್ಕೆ ರಕ್ತದ ಹರಿವಿಲ್ಲದ್ದರಿಂದ ಮಾತ್ರೆಯ ಮದ್ದು ಅಲ್ಲಿಗೆ ಸರಿಯಾಗಿ ತಲಪುವುದಿಲ್ಲ. ಮಾತ್ರೆಗಳಿಗೂ ತಮ್ಮದೇ ಉಪದ್ರವಗಳುಂಟು: ಹೊಟ್ಟೆ ತೊಳಸು, ಭೇದಿ, ಕೆಲವರಿಗೆ ಮೈಮೇಲೆ ದದ್ದು. ದದ್ದು ಎದ್ದರೆ, ಉಸಿರು ಕಟ್ಟಿದಂತಾದರೆ, ಭೇದಿ ನಿಲ್ಲದಿದ್ದರೆ ಕೂಡಲೇ ವೈದ್ಯರಿಗೆ ತಿಳಿಸಬೇಕು. ಸುಮ್ಮನೆ ಸಹಿಸಿಕೊಂಡಿರುವುದೂ ಸರಿಯಲ್ಲ, ಯಾರಿಗೂ ಹೇಳದೆ ಅರ್ಧ ಮಾತ್ರೆಗಳನ್ನು ಕಪಾಟಿನಲ್ಲಿ ಬಚ್ಚಿಡುವುದೂ ಸರಿಯಲ್ಲ.

ಆ ರಾಜಮನೆತನಕ್ಕೂ ಕುರುವಿಗೂ ಏನು ನಂಟೋ! ವಿಕ್ಟೋರಿಯಾ 1901ರಲ್ಲಿ ಗತಿಸಿದಳು. ಮರುವರ್ಷ ಜೂನ್ 26ರಂದು ಮಗ ಏಳನೆಯ ಎಡ್ವರ್ಡನ ಪಟ್ಟಾಭಿಷೇಕ. ಅತಿಥಿಗಳು ಬಂದಿಳಿದಿದ್ದರು. ಅಷ್ಟರಲ್ಲಿ ಅರಸನ ಹೊಟ್ಟೆಯೊಳಗೆ, ಅಪೆಂಡಿಕ್ಸಿನ ಬಳಿ ಕೀವುಗಟ್ಟಿತು. 24ರಂದು ಬಕಿಂಗ್‌ಹ್ಯಾಮ್ ಅರಮನೆಯಲ್ಲೇ ಟ್ರೀವ್ಸ್ ಎಂಬ ಶಸ್ತ್ರವೈದ್ಯ ಕೊಯ್ದು ಕೀವು ತೆಗೆದ. ಸಲಹೆಗೆ ಕರೆಸಿದವರಲ್ಲಿ 75 ವರ್ಷದ ಲಿಸ್ಟರನೂ ಇದ್ದ. ಈ ಸಲ ತಿದಿಯೂ ಇಲ್ಲ, ತುಂತುರೂ ಇಲ್ಲ. ಮಾರನೆಯ ದಿನ ಅರಸ ಹಾಸಿಗೆಯಲ್ಲಿ ಎದ್ದು ಕುಳಿತು ಚುಟ್ಟಾ ಸೇದಿದನಂತೆ. ಆಗಸ್ಟ್ 9ರಂದು ಕಿರೀಟ ಧರಿಸಿದ.