ಇಂಗ್ಲಿಷ್ ನುಡಿಗಟ್ಟುಗಳು

ಘಟಕಪದಗಳ ವಾಚ್ಯಾರ್ಥವನ್ನು ಕೂಡಿಸಿದ ಮಾತ್ರಕ್ಕೆ ದೊರೆಯದೆ, ರೂಢಿಬಲದಿಂದಲೇ ನೆಲೆಗೊಂಡ ಅರ್ಥವುಳ್ಳ ಪದಸಮುಚ್ಚಯಗಳು. ಇವುಗಳ ಆಕರಗಳಲ್ಲಿ ಒಂದನೆಯ ಜೇಮ್ಸ್ ದೊರೆಯ ಕಾಲದಲ್ಲಿ, 1611ರಲ್ಲಿ ಪ್ರಕಟವಾದ ಬೈಬಲ್ ಭಾಷಾಂತರಕ್ಕೆ ಹಿರಿಯ ಸ್ಥಾನ ಸಲ್ಲತಕ್ಕದ್ದು: ಬಾಬಿಲೋನಿನ ಅರಸು ಬೇಲ್ಶಚ್ಚರನ ಔತಣದ ನಡುವೆ ಮಾನುಷಹಸ್ತದ ಬೆರಳುಗಳು ಹಠಾತ್ತನೆ ಕಾಣಿಸಿಕೊಂಡು ಅರಮನೆಯ ಗೋಡೆಯ ಮೇಲೆ ಬರೆದ ಅಕ್ಷರಗಳನ್ನು ದಾನಿಯೇಲನು ಓದಿ, ರಾಜ್ಯನಾಶ ಸನ್ನಿಹಿತವೆಂದು ತಿಳುಹಿದ ಗಂಭೀರ ಕಥೆಯಿಂದಲೇ ‘ಗೋಡೆಯ ಮೇಲಿನ ಬರಹ’ವೆಂಬುದು ಒದಗಲಿರುವ ವಿಪತ್ತಿನ ಸ್ಪಷ್ಟಸೂಚನೆಯೆಂಬ ಅರ್ಥವನ್ನು ತಳೆಯಿತು. ಅಸೂಯೆಯನ್ನು ಹಸುರುಗಣ್ಣಿನ ರಾಕ್ಷಸನೆನ್ನುವುದು ಷೇಕ್ಸ್‌ಪಿಯರನ ‘ಒಥೆಲೋ’ ನಾಟಕದ ಕೊಡುಗೆ. ನಾವಿಕರಿಂದ ಬಂದವೂ ಉಂಟು; ಎದುರುಗಾಳಿಯು ಹಾಯಿಗಳನ್ನು ಹಿಂದಕ್ಕೊತ್ತಿ ಹಡಗನ್ನು ತಡೆದ ಸ್ಥಿತಿಯನ್ನು ಹೇಳುತ್ತಿದ್ದ ‘ಟೇಕನ್ ಅಬ್ಯಾಕ್’ ಎಂಬುದೇ ಮುಂದೆ ಮನುಷ್ಯನು ತಬ್ಬಿಬ್ಬಾಗುವುದಕ್ಕೆ ಹೆಸರಾಯಿತು. ಇಂಥವುಗಳ ಮೂಲವನ್ನರಸುವ ಜಿಜ್ಞಾಸುಗಳಿಗೆ 1870ರಲ್ಲಿ ಬೆಳಕುಕಂಡ ಬ್ರೂಯರ್ ಎಂಬಾತನ ನುಡಿಗಟ್ಟುಗಳ ಕೋಶವು ಇಂದಿಗೂ ಉಪಯುಕ್ತವಾಗಿದೆ.